ಹಗ್ಗ ಹಿಡಿದವನ ಹೊಣೆ

2025ನೆಯ ಇಸವಿಯಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ವಿಷಯವಾಗಿ ಒಂದರ ಬೆನ್ನಿಗೊಂದು ಆಜ್ಞೆಗಳನ್ನು ಹೊರಡಿಸಿದುದು ವಾಚಕರ ನೆನಪಿನಲ್ಲಿದೆ. ದಿಲ್ಲಿ ಮತ್ತು ಅದರ ಸುತ್ತಣ ಪಟ್ಟಣಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಸ್ಥಾನಗಳಲ್ಲಿ ಇಡತಕ್ಕದ್ದೆಂದೂ ಮರಳಿ ಬೀದಿಗೆ ಬಿಡಕೂಡದೆಂದೂ ಆಗಸ್ಟ್ 11ರಂದು ಆಜ್ಞೆಯಾಯಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿದ್ದಿ, ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದೆಂದಿತು; ಹುಚ್ಚು ಹಿಡಿದ ನಾಯಿಯನ್ನೂ ಮೇಲೆ ಬೀಳುವ ಸ್ವಭಾವದ ನಾಯಿಯನ್ನೂ ಮಾತ್ರ ಬಿಡಕೂಡದೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಬೇರೆಡೆ ಇರಿಸುವಂತೆ ಅಪ್ಪಣೆಯಾಯಿತು. ಆ ವರ್ಷ ಮಹಾಜನರು ಎರಡು ಪಕ್ಷವಾಗಿ ನಿಂತು ವಾದಿಸಿದರು. ನಾಯಿಗಳನ್ನು ಬೀದಿಯಿಂದ ತೊಲಗಿಸಬೇಕೆಂದು ಒಂದು ಪಕ್ಷ. ಮೂಕಪ್ರಾಣಿಗೆ ಬೀದಿಯಲ್ಲಿಯೂ ಎಡೆಯಿಲ್ಲವೆ ಎಂದು ಇನ್ನೊಂದು ಪಕ್ಷ.

ಈ ಎರಡು ಪಕ್ಷಗಳ ನಡುವೆ ಸಿಕ್ಕಿಕೊಂಡು, ಯಾರ ಗಮನಕ್ಕೂ ಅಷ್ಟಾಗಿ ಬಾರದೆ ಉಳಿದ ಪ್ರಾಣಿಯೊಂದುಂಟು. ಅದು ಸಾಕಿದವನ ಕೈಯ ಹಗ್ಗದ ತುದಿಯಲ್ಲಿ ನಡೆಯುವ ನಾಯಿ. ಬೆಳಗಿನ ಜಾವದಲ್ಲಾಗಲಿ ಸಂಜೆಯಲ್ಲಾಗಲಿ ನಮ್ಮ ಪಟ್ಟಣಗಳ ಯಾವ ಬಡಾವಣೆಗಾದರೂ ಹೋಗಿ ನೋಡಿರಿ. ಪಿಂಚಣಿ ಪಡೆದ ವೃದ್ಧರು, ಗೃಹಿಣಿಯರು, ಶಾಲೆಯ ಹುಡುಗರು ತಮ್ಮ ನಾಯಿಯನ್ನು ಹಿಡಿದುಕೊಂಡು ತಿರುಗಾಟಕ್ಕೆ ಹೊರಟಿರುತ್ತಾರೆ. ಬೀದಿಯ ಮೂಲೆಯನ್ನು ತಿರುಗಿದೊಡನೆ ಮತ್ತೊಂದು ನಾಯಿ ಗುರುಗುಟ್ಟುತ್ತ ಬಂದು ಮೇಲೆ ಬೀಳುತ್ತದೆ. ಹಿಡಿದವರು ಕಂಗಾಲಾಗಿ ಕೂಗುತ್ತಾರೆ. ಕೆಲವರು ಹಗ್ಗ ಬಿಟ್ಟು ಓಡುತ್ತಾರೆ. ಕೆಲವರು ನಡುವೆ ಕೈಯಿಕ್ಕಿ ತಾವೇ ಕಚ್ಚಿಸಿಕೊಳ್ಳುತ್ತಾರೆ. ಇಂಥ ಸಮಯದಲ್ಲಿ ಮಾಡತಕ್ಕದ್ದೇನು, ಇಂಥ ಸಮಯವೇ ಒದಗದಂತೆ ಮಾಡತಕ್ಕದ್ದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ದೇಶದ ಮುಂದೆ ಮಹತ್ತರವಾದ ಪ್ರಶ್ನೆಗಳಿರುವಾಗ ಈ ಪುಟದಲ್ಲಿ ನಾಯಿಯ ತಿರುಗಾಟದ ಮಾತೇಕೆಂದು ಕೆಲವರು ನಗಬಹುದು. ನಮ್ಮ ಪೂರ್ವಿಕರು ಹಾಗೆ ನಗಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಯಾವ ಅಪರಾಧವನ್ನೂ ಮಾಡದ ನಾಯಿಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದರ ತಾಯಿ ಸರಮೆಯು ಯಜ್ಞಶಾಲೆಗೇ ಬಂದು ಏತಕ್ಕೆ ಹೊಡೆದಿರೆಂದು ಕೇಳುತ್ತಾಳೆ. ಉತ್ತರ ಹೊರಡದಿದ್ದಾಗ ರಾಜನನ್ನು ಶಪಿಸುತ್ತಾಳೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಧರ್ಮರಾಜನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಒಪ್ಪುವುದಿಲ್ಲ. ಇನ್ನು ಕನ್ನಡ ನಾಡಿನ ಮಾತು. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. 949-50ರ ಶಿಲಾಶಾಸನವನ್ನು ಕನ್ನಡಿಗರೆಲ್ಲರೂ ನೋಡತಕ್ಕದ್ದು. ಗಂಗರ ಬೂತುಗನಿಂದ ಮಣಲೆರನೆಂಬ ವೀರನು ಬೇಡಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ತನಗಾಗಿ ಪ್ರಾಣ ಕೊಟ್ಟ ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆಯಿಸಿದ ನಾಡಿನಲ್ಲಿ, ನಂಬಿ ಹಿಂದೆ ಬರುವ ನಾಯಿಯನ್ನು ಕಾಯುವ ಮಾತು ಕ್ಷುಲ್ಲಕವಾಗಲಾರದು.

ಹಗ್ಗದಿಂದಾಗುವುದೇನು?

ಬಿಡುವಾಗಿ ತಿರುಗುವ ನಾಯಿಗೆ ಶತ್ರು ಎದುರಾದಾಗ ಪ್ರಕೃತಿಯು ಮೂರು ಉಪಾಯಗಳನ್ನು ಕೊಟ್ಟಿದೆ. ಮೊದಲನೆಯದು ಪಲಾಯನ. ಎರಡನೆಯದು ಸಂಧಿ, ಎಂದರೆ ಮುಖವನ್ನು ಓರೆ ಮಾಡಿ, ಮೈಯನ್ನು ಸಡಿಲಬಿಟ್ಟು, ನೇರವಾಗಿ ಬಾರದೆ ಸುತ್ತಿಕೊಂಡು ಬಂದು, ತಾನು ಜಗಳಕ್ಕೆ ಬಂದುದಿಲ್ಲವೆಂದು ತಿಳಿಸುವುದು. ಮೂರನೆಯದು ಯುದ್ಧ. ನಾಯಿ ನಾಯಿಗಳು ಬೀದಿಯಲ್ಲಿ ಸಂಧಿಸಿದಾಗ ಬಹುಮಟ್ಟಿಗೆ ಮೊದಲಿನ ಎರಡು ಉಪಾಯಗಳಿಂದಲೇ ವ್ಯವಹಾರ ಮುಗಿದುಹೋಗುತ್ತದೆ.

ನಾವು ಕೊರಳಿಗೆ ಹಗ್ಗ ಹಾಕಿದೊಡನೆ ಪಲಾಯನವು ತಪ್ಪಿಹೋಯಿತು. ಮುಧೋಳದ ನಾಯಿಯ ಓಟ ಲೋಕಪ್ರಸಿದ್ಧವಾದರೂ ಎರಡು ಮಾರು ಹಗ್ಗದ ತುದಿಯಲ್ಲಿ ಆ ಓಟದಿಂದ ಪ್ರಯೋಜನವೇನು? ಸಂಧಿಯ ಉಪಾಯವೂ ಕೆಡುತ್ತದೆ. ಹೆದರಿದ ಮಾಲಿಕನು ಹಗ್ಗವನ್ನು ಬಿಗಿಯಾಗಿ ಎಳೆದನೆಂದರೆ ನಾಯಿಯ ತಲೆ ಮೇಲಕ್ಕೇಳುತ್ತದೆ, ಎದೆ ಮುಂದಕ್ಕೆ ಬರುತ್ತದೆ. ಎದುರಿನ ನಾಯಿಯ ಕಣ್ಣಿಗೆ ಅದು ಕಾಳಗಕ್ಕೆ ಕರೆದಂತೆಯೇ ಕಾಣುತ್ತದೆ. ಹೀಗೆ ಮೂರು ಉಪಾಯಗಳಲ್ಲಿ ಎರಡನ್ನು ನಾವೇ ಕಸಿದುಕೊಂಡು ಯುದ್ಧವೊಂದನ್ನೇ ಉಳಿಸಿದಂತಾಯಿತು. ಹಗ್ಗ ಹಾಕಬಾರದೆಂದು ನಾವು ಹೇಳುವುದಿಲ್ಲ. ಪಟ್ಟಣದ ಬೀದಿಯಲ್ಲಿ ಹಗ್ಗವಿಲ್ಲದೆ ನಾಯಿಯನ್ನು ಬಿಡುವುದು ತಪ್ಪೇ ಸರಿ. ಆದರೆ ಯಾವನು ಪ್ರಾಣಿಯೊಂದರ ಸ್ವಾತಂತ್ರ್ಯವನ್ನು ತನ್ನ ಕೈಗೆ ತೆಗೆದುಕೊಂಡನೋ ಅವನು ಅದರ ರಕ್ಷಣೆಯನ್ನೂ ಕೈಗೆ ತೆಗೆದುಕೊಂಡನೆಂದೇ ಅರ್ಥ. ಓಡಬೇಕಾದಲ್ಲಿ ಅದರ ಬದಲು ಅವನು ದಾರಿ ಬದಲಿಸಬೇಕು; ಸಂಧಿ ಮಾಡಬೇಕಾದಲ್ಲಿ ಅವನು ಮಾಡಬೇಕು; ಅಡ್ಡ ನಿಲ್ಲಬೇಕಾದಲ್ಲಿ ಅವನೇ ನಿಲ್ಲಬೇಕು. ಈ ವಿಷಯದಲ್ಲಿ ನಾವು ಮುಖ್ಯವಾಗಿ ಹೇಳತಕ್ಕದ್ದು ಇದೇ.

ಮುನ್ನೆಚ್ಚರಿಕೆ

ನಾಯಿಯು ಕಾರಣವಿಲ್ಲದೆ ಮೇಲೆ ಬೀಳುವುದು ವಿರಳ. ಬೀದಿನಾಯಿಗಳ ಹಿಂಡಿಗೆ ತನ್ನದೆಂಬ ಎಲ್ಲೆಯುಂಟು. ಆ ಎಲ್ಲೆಯ ನಡುವೆ ಕಸದ ತಿಪ್ಪೆಯೋ, ಮಾಂಸದಂಗಡಿಯೋ, ದಿನವೂ ಅನ್ನ ಹಾಕುವ ಮನೆಯೋ ಇರುತ್ತದೆ. ಮರಿಯಿಟ್ಟ ಹೆಣ್ಣುನಾಯಿ ಇರುವ ಕಡೆ ಈ ಕಾವಲು ಇನ್ನೂ ಉಗ್ರ. ಜನಸಂಚಾರ ಕಡಮೆಯಿರುವ ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ಬೀದಿಯೇ ಅವುಗಳ ರಾಜ್ಯ. ಆದುದರಿಂದ ತಿರುಗಾಟಕ್ಕೆ ಹೊರಡುವವನು ಮೊದಲು ನಾಯಿಯಿಲ್ಲದೆ ಒಬ್ಬನೇ ಆ ದಾರಿಯಲ್ಲಿ ನಡೆದು ನೋಡತಕ್ಕದ್ದು. ಹಿಂಡು ಎಲ್ಲಿ ಮಲಗುತ್ತದೆ, ಯಾವ ಮನೆಯ ಗೇಟು ಸದಾ ತೆರೆದಿರುತ್ತದೆ, ಆಪತ್ತಿನಲ್ಲಿ ಒಳಹೊಗಲು ಯಾವ ಅಂಗಡಿ, ಯಾವ ಕಾಂಪೌಂಡು ಉಂಟು ಎಂಬುದನ್ನು ಗುರುತಿಸಿಕೊಳ್ಳತಕ್ಕದ್ದು.

ಉಪಕರಣಗಳ ಮಾತು ಸ್ವಲ್ಪವೇ. ಕೊರಳಪಟ್ಟಿಯು ತಲೆಯಿಂದ ಜಾರುವಂತೆ ಸಡಿಲವಾಗಿರಬಾರದು. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಇನ್ನೂ ಲೇಸು, ಆಪತ್ತಿನಲ್ಲಿ ಕೊರಳು ಬಿಗಿಯದಂತೆ ನಾಯಿಯನ್ನು ಹಿಂದಕ್ಕೆಳೆಯಬಹುದು. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುವುದು ಅಪಾಯಕರ. ದೊಡ್ಡ ನಾಯಿ ಜಗ್ಗಿದಾಗ ಮನುಷ್ಯನೇ ಉರುಳುತ್ತಾನೆ. ಇನ್ನೊಂದು ಕೈಯಲ್ಲಿ ಊರುಗೋಲಾಗಲಿ ಕೊಡೆಯಾಗಲಿ ಇರಲಿ. ಆ ಕೈಯಲ್ಲಿ ಮೊಬೈಲನ್ನು ಹಿಡಿದು ಅದರೊಳಗೇ ಕಣ್ಣಿಟ್ಟು ನಡೆಯುವವನು ತನ್ನ ನಾಯಿಗೆ ಕಾವಲಾಗಲಾರನು.

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ನಡೆಯತಕ್ಕದ್ದಲ್ಲ. ಬೊಗಳಿ ಕಚ್ಚುವ ನಾಯಿಗಳು ಬೇಕಾದಷ್ಟಿವೆ. ಕಿವಿಗಿಂತ ಕಣ್ಣನ್ನು ನಂಬುವುದು ಮೇಲು. ಮೈಯೆಲ್ಲ ಸಡಿಲವಾಗಿ, ಮುಂಗಾಲುಗಳನ್ನು ನೆಲಕ್ಕೂರಿ ಹಿಂಭಾಗವನ್ನೆತ್ತಿದ ನಾಯಿ ಆಟಕ್ಕೆ ಕರೆಯುತ್ತದೆ. ಮೈ ಸೆಟೆದು, ಬಾಲ ಮೇಲೆದ್ದು ಗಡುಸಾಗಿ, ಬೆನ್ನಿನ ಕೂದಲು ನಿಮಿರಿ, ಕಣ್ಣು ರೆಪ್ಪೆ ಹೊಡೆಯದೆ ನಿಮ್ಮ ನಾಯಿಯ ಮೇಲೆಯೇ ನೆಟ್ಟಿದ್ದರೆ ಅದು ಬೊಗಳದಿದ್ದರೂ ಅಪಾಯವೆಂದು ತಿಳಿಯಿರಿ. ಬಾಲವಾಡಿಸುವ ನಾಯಿಯೆಲ್ಲ ಸ್ನೇಹದ ನಾಯಿಯೆಂಬುದೂ ಭ್ರಮೆ; ಗಡುಸಾಗಿ ನಿಂತ ಬಾಲದ ತುದಿಯೊಂದೇ ಅದುರುವುದು ಉದ್ರೇಕದ ಗುರುತು.

ಎದುರಾದಾಗ

ದೂರದಲ್ಲಿ ಕಂಡಾಗಲೇ ದಾರಿಯನ್ನು ಬದಲಿಸುವುದು ಎಲ್ಲಕ್ಕಿಂತ ಉತ್ತಮ. ಇದರಲ್ಲಿ ಅವಮಾನವೇನೂ ಇಲ್ಲ. ಬೀದಿಯ ಇನ್ನೊಂದು ಪಕ್ಕಕ್ಕೆ ದಾಟಿರಿ. ನಿಂತ ಮೋಟಾರು ಗಾಡಿಯನ್ನೋ ಗೋಡೆಯನ್ನೋ ಮರೆಮಾಡಿಕೊಳ್ಳಿರಿ. ನಾಯಿ ನಾಯಿಗಳ ದೃಷ್ಟಿ ಕೂಡದಂತೆ ಮಾಡಿರಿ. ಓಡಬೇಡಿರಿ, ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಹಗ್ಗವನ್ನು ಗಿಡ್ಡವಾಗಿ ಹಿಡಿಯಿರಿ, ಆದರೆ ಜಗ್ಗಬೇಡಿರಿ. ಕಿರಿಚಬೇಡಿರಿ, ನಿಮ್ಮ ಭಯ ನಿಮ್ಮ ನಾಯಿಗೆ ಕೂಡಲೇ ಹತ್ತುತ್ತದೆ.

ಎದುರಿನ ನಾಯಿ ಹತ್ತಿರ ಬಂದರೆ ನಿಮ್ಮ ನಾಯಿಯನ್ನು ಹಿಂದಕ್ಕೆ ಮಾಡಿ ಎರಡರ ನಡುವೆ ನೀವು ನಿಲ್ಲಿರಿ. ಅದರ ಕಣ್ಣನ್ನೇ ದುರುಗುಟ್ಟಿ ನೋಡದೆ, ದಪ್ಪ ದನಿಯಲ್ಲಿ ಒಂದೇ ಮಾತಿನಿಂದ ಗದರಿಸಿರಿ. ಕೊಡೆಯನ್ನು ಥಟ್ಟನೆ ಅದರ ಮುಂದೆ ಬಿಚ್ಚಿದರೆ ಅನೇಕ ನಾಯಿಗಳು ಬೆದರಿ ನಿಲ್ಲುತ್ತವೆ; ಬಿಚ್ಚಿದ ಕೊಡೆ ಗುರಾಣಿಯೂ ಆಗುತ್ತದೆ. ಹಸಿದ ಬೀದಿನಾಯಿಯಾದರೆ ಒಂದು ಹಿಡಿ ಬಿಸ್ಕತ್ತಿನ ಚೂರನ್ನು ಅದರ ಹಿಂದಕ್ಕೆ ಬೀಳುವಂತೆ ಎರಚಿ ನಾಲ್ಕು ಹೆಜ್ಜೆ ಹಿಂದೆ ಸರಿಯುವಷ್ಟು ಅವಕಾಶವನ್ನು ಪಡೆಯಬಹುದು. ಕಲ್ಲೆತ್ತಿಕೊಳ್ಳುವಂತೆ ಬಗ್ಗಿದರೆ ನಮ್ಮ ಬೀದಿನಾಯಿಗಳು ಹಿಮ್ಮೆಟ್ಟುವುದುಂಟು. ಇದು ದೂರವಿದ್ದಾಗ ಸರಿ. ನಾಯಿ ಹತ್ತಿರವಿರುವಾಗ ಬಗ್ಗಿದರೆ ಮುಖವನ್ನೇ ಅದರ ಬಾಯಿಗೆ ಒಡ್ಡಿದಂತೆ. ನಿಜವಾಗಿ ಕಲ್ಲು ಬೀರುವುದಂತೂ ಕ್ರೌರ್ಯ. ಇಂದು ಏಟು ತಿಂದ ನಾಯಿ ನಾಳೆ ಆ ದಾರಿಯಲ್ಲಿ ಬರುವ ಮಗುವಿನ ಮೇಲೆ ಅದನ್ನು ತೀರಿಸಿಕೊಳ್ಳಬಹುದು. ಕಾರದ ಪುಡಿಯನ್ನು ಎರಚುವವರೂ ಉಂಟು. ಗಾಳಿ ತಿರುಗಿದರೆ ಅದು ಬೀಳುವುದು ಎರಚಿದವನ ಕಣ್ಣಿಗೂ ಅವನ ನಾಯಿಯ ಕಣ್ಣಿಗೂ.

ಚಿಕ್ಕ ನಾಯಿಯನ್ನು ಎದೆಗೆತ್ತಿಕೊಳ್ಳುವುದು ಎಲ್ಲರಿಗೂ ತೋರುವ ಉಪಾಯ. ಆದರೆ ಎತ್ತಿದ ನಾಯಿಯನ್ನು ಹಿಡಿಯಲು ಎದುರಿನದು ನೆಗೆದಾಗ ಗಾಯವಾಗುವುದು ಎತ್ತಿದವನ ಕೈಗೆ, ಮುಖಕ್ಕೆ. ಹತ್ತಿರದ ಗೋಡೆಯ ಮೇಲೋ ಗೇಟಿನ ಒಳಕ್ಕೋ ಗಾಡಿಯೊಳಕ್ಕೋ ಅದನ್ನು ಸೇರಿಸಿ ಬಾಗಿಲು ಮುಚ್ಚುವುದು ಮೇಲು. ಇದಾವುದೂ ಇಲ್ಲದಾಗ ಮಾತ್ರ ಎತ್ತಿಕೊಂಡು, ಬೆನ್ನನ್ನು ಎದುರಿನ ನಾಯಿಯ ಕಡೆಗೆ ತಿರುಗಿಸಿ ನಿಲ್ಲತಕ್ಕದ್ದು.

ಕಾಳಗವೇ ನಡೆದುಹೋದರೆ ಮೊದಲನೆಯ ನಿಯಮ ಇದು: ಎರಡು ಬಾಯಿಗಳ ನಡುವೆ ಕೈಯಿಕ್ಕಬೇಡಿರಿ. ಕಾಳಗದ ಉರವಣೆಯಲ್ಲಿ ನಾಯಿಗೆ ತನ್ನ ಒಡೆಯನ ಕೈಯೂ ಗುರುತು ಸಿಗುವುದಿಲ್ಲ. ಒಂದು ಕೊಡ ನೀರನ್ನು ಮುಖಕ್ಕೆ ಎರಚುವುದು, ತಗಡನ್ನು ಬಡಿದು ಸದ್ದು ಮಾಡುವುದು, ಕಂಬಳಿಯನ್ನು ತಲೆಯ ಮೇಲೆ ಹಾಕುವುದು, ಹಲಗೆಯನ್ನೋ ಕುರ್ಚಿಯನ್ನೋ ನಡುವೆ ತುರುಕುವುದು, ಇವು ಮೊದಲಿನ ಉಪಾಯಗಳು. ಇಬ್ಬರು ಧೈರ್ಯವಂತರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಎರಡು ಹಿಂಗಾಲುಗಳನ್ನೂ ಒಮ್ಮೆಲೇ ಎತ್ತಿ, ಕೈಗಾಡಿಯನ್ನು ಎಳೆದಂತೆ ಬಳಸಿಕೊಂಡು ಹಿಂದಕ್ಕೆ ಸರಿಯಬಹುದು. ಆದರೆ ಹಲ್ಲು ಕಚ್ಚಿ ಹಿಡಿದಿರುವಾಗ ಬಲಾತ್ಕಾರದಿಂದ ಎಳೆದರೆ ಮಾಂಸವೇ ಹರಿಯುತ್ತದೆ. ಹಿಡಿತ ಸಡಿಲಾಗುವ ಕ್ಷಣವನ್ನು ಕಾದು ಎಳೆಯತಕ್ಕದ್ದು. ಮಕ್ಕಳೂ ವೃದ್ಧರೂ ಈ ಸಾಹಸಕ್ಕೆ ಇಳಿಯಲೇಬಾರದು.

ಗಾಯದ ಉಪಚಾರ

ನಾಯಿಯ ಹಲ್ಲಿನ ಗಾಯ ಮೇಲೆ ಚಿಕ್ಕ ತೂತಾಗಿ ಕಾಣುತ್ತದೆ. ಒಳಗೆ ಚರ್ಮವೂ ಮಾಂಸವೂ ಬೇರೆಬೇರೆಯಾಗಿ ಕೀವುಗಟ್ಟಲು ಸಿದ್ಧವಾಗಿರುತ್ತದೆ. ರೋಮದ ಕೆಳಗೆ ಅಡಗಿದ ಗಾಯವನ್ನು ಕೈಯಾಡಿಸಿ ಹುಡುಕಿ, ತೊಳೆದು, ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಮತ್ತೆ ಹಾಕಿಸಿದ್ದರೂ ಕಚ್ಚಿಸಿಕೊಂಡ ಮೇಲೆ ಪುನಃ ಕೊಡಿಸಬೇಕಾಗುತ್ತದೆ.

ಮನುಷ್ಯನಿಗೆ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯತಕ್ಕದ್ದು. ಅರಿಸಿನ, ಸುಣ್ಣ, ಮೆಣಸಿನ ಪುಡಿಗಳನ್ನು ಮೆತ್ತುವ ಹಳೆಯ ಚಿಕಿತ್ಸೆ ಅಪಾಯಕರ. ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. 1907ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ ಸ್ಥಾಪನೆಯಾದ ಕಾಲದಲ್ಲಿ ಕಚ್ಚಿಸಿಕೊಂಡವನು ನೀಲಗಿರಿ ಬೆಟ್ಟವನ್ನು ಹತ್ತಬೇಕಾಗಿತ್ತು. ಆಮೇಲೆ ಬಹುಕಾಲ ಹೊಟ್ಟೆಯ ಮೇಲೆ ಹದಿನಾಲ್ಕು ಸೂಜಿಗಳ ಯಾತನೆಯಿತ್ತು. ಈಗ ಆ ಕಾಲ ಕಳೆದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಕೊಡುವ ಲಸಿಕೆಯು, ಮೊದಲ ದಿನವನ್ನು ಸೊನ್ನೆಯೆಂದೆಣಿಸಿ, 0, 3, 7, 28ನೆಯ ದಿನಗಳಲ್ಲಿ ಮುಗಿಯುತ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಔಷಧವನ್ನೂ ಕೊಡುತ್ತಾರೆ. ಈ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವ ಔಷಧವಿಲ್ಲ. ಆದುದರಿಂದ ಎರಡನೆಯ ಸೂಜಿಯಾದ ಮೇಲೆ ಗಾಯ ಮಾಯಿತೆಂದು ಉಳಿದವನ್ನು ಬಿಡುವುದು ಪ್ರಾಣದೊಡನೆ ಜೂಜಾಡಿದಂತೆ.

ನಾಯಿ ಸಾಕಿದವರಿಗೆ

ಮೇಲೆ ಬೀಳುವ ನಾಯಿಗಳೆಲ್ಲ ಬೀದಿಯವೇ ಎಂದು ತಿಳಿಯಬಾರದು. ತೆರೆದ ಗೇಟಿನಿಂದ ನುಗ್ಗಿ ಬರುವ ಶ್ರೀಮಂತರ ನಾಯಿಗಳೂ ಉಂಟು. ‘ನಮ್ಮ ನಾಯಿ ಏನೂ ಮಾಡುವುದಿಲ್ಲ, ಹೆದರಬೇಡಿ’ ಎಂದು ಅದರ ಒಡೆಯರು ಜಗಲಿಯ ಮೇಲಿಂದಲೇ ಅಭಯ ಕೊಡುತ್ತಾರೆ. ಆ ಅಭಯವನ್ನು ಅವರ ನಾಯಿ ಕೊಟ್ಟಿದೆಯೆ? ತನ್ನ ನಾಯಿಯ ಸ್ವಭಾವ ಒರಟೆಂದು ಬಲ್ಲವನು ಅದಕ್ಕೆ ಬಾಯಿಕುಕ್ಕೆ ಹಾಕಿ, ಗಿಡ್ಡ ಹಗ್ಗದಲ್ಲಿ, ಅದನ್ನು ತಡೆಯಬಲ್ಲ ಕೈಗೆ ಕೊಟ್ಟು ಹೊರಗೆ ಕಳುಹಿಸತಕ್ಕದ್ದು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಇಪ್ಪತ್ತಕ್ಕೂ ಹೆಚ್ಚು ತಳಿಗಳ ನಾಯಿಗಳನ್ನು ಕ್ರೂರವೆಂದು ಎಣಿಸಿ ನಿಷೇಧದ ಸುತ್ತೋಲೆಯನ್ನು ಹೊರಡಿಸಿತು. ಸಂಬಂಧಪಟ್ಟವರ ಮಾತನ್ನು ಕೇಳದೆ ಹೊರಡಿಸಿದುದೆಂಬ ಕಾರಣದಿಂದ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿತು. ತಳಿಯ ಹೆಸರಿಗಿಂತ ಸಾಕಿದವನ ನಡತೆ ಮುಖ್ಯವೆಂಬುದೇ ನಮ್ಮ ಮತ. 2024ರ ಜುಲೈ 1ರಿಂದ ನಡೆಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಪಾಯವೂ ತೀವ್ರವಾದ ಗಾಯವೂ ಒದಗದಂತೆ ನೋಡಿಕೊಳ್ಳದವನಿಗೆ 6 ತಿಂಗಳವರೆಗೆ ಸೆರೆಯನ್ನು, ಇಲ್ಲವೆ 5000 ರೂಪಾಯಿಗಳವರೆಗೆ ದಂಡವನ್ನು, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಆದರೆ ಆ ಕಲಮು ನೋಡುವುದು ಮನುಷ್ಯನ ಗಾಯವನ್ನು. ಹಗ್ಗದ ತುದಿಯಲ್ಲಿರುವ ನಾಯಿಯ ಗಾಯವನ್ನಲ್ಲ. ನಾಯಿ ಸಾಕಲು ಪರವಾನಗಿ ಕೊಡುವ ಪೌರಸಂಸ್ಥೆಗಳು ಈ ಕೊರತೆಯನ್ನು ತುಂಬಬಹುದು. ತನ್ನ ನಾಯಿಯನ್ನು ಬೀದಿಗೆ ಬಿಟ್ಟು ಇನ್ನೊಬ್ಬರ ನಾಯಿಯನ್ನು ಕಚ್ಚಿಸಿದವನು ಚಿಕಿತ್ಸೆಯ ವೆಚ್ಚವನ್ನು ಕೊಡತಕ್ಕದ್ದೆಂಬ ಷರತ್ತನ್ನು ಪರವಾನಗಿಯಲ್ಲಿಯೇ ಸೇರಿಸಬೇಕೆಂದು ನಾವು ಸೂಚಿಸುತ್ತೇವೆ.

ಪೌರಸಂಸ್ಥೆಗಳಿಗೆ

2023ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಎಣಿಸಿದಾಗ ಆ ನಗರವೊಂದರಲ್ಲಿಯೇ ಸುಮಾರು 2 ಲಕ್ಷ 79 ಸಾವಿರ ಬೀದಿನಾಯಿಗಳಿದ್ದುವು. 2019ರ ಎಣಿಕೆಯಲ್ಲಿ 3 ಲಕ್ಷ 10 ಸಾವಿರದಷ್ಟಿದ್ದುವು. ಬಿಡದೆ ನಡೆಸಿದರೆ ಸಂತಾನಹರಣ ಚಿಕಿತ್ಸೆಯಿಂದ ಸಂಖ್ಯೆ ಇಳಿಯಬಹುದೆಂಬ ಆಶೆಗೆ ಇದು ಎಡೆಕೊಡುತ್ತದೆ. ಕಿವಿಯ ಅಂಚನ್ನು ಕತ್ತರಿಸಿದ ನಾಯಿ ಬೀದಿಯಲ್ಲಿ ಕಂಡರೆ ಅದಕ್ಕೆ ಆ ಚಿಕಿತ್ಸೆಯಾಗಿದೆಯೆಂದು ಅರ್ಥ. ಕತ್ತರಿಸದ ಕಿವಿಗಳನ್ನು ಎಣಿಸಿ ಬರೆದು ಕಳುಹಿಸುವುದು ಪ್ರತಿಯೊಂದು ಬಡಾವಣೆಯ ಸಂಘಕ್ಕೂ ಸಾಧ್ಯವಾದ ಸೇವೆ. ಆದರೆ ಬರೆದುದಕ್ಕೆ ಬರುವ ಉತ್ತರವೇನು? ಆರೋಗ್ಯ ಇಲಾಖೆಯವರು ಪಶುಪಾಲನಾ ಶಾಖೆಯನ್ನು ಕೇಳಿರೆನ್ನುತ್ತಾರೆ, ಶಾಖೆಯವರು ಗುತ್ತಿಗೆದಾರನನ್ನು ಕೇಳಿರೆನ್ನುತ್ತಾರೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ಹುಟ್ಟಿದುದು ಇಂಥ ಕಚೇರಿಗಳನ್ನು ನೋಡಿಯೇ ಇರಬೇಕು.

ಅನ್ನ ಹಾಕುವ ದಯಾಳುಗಳಿಗೂ ಒಂದು ಮಾತು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಅನ್ನ ಹಾಕುವುದನ್ನು ನಿಷೇಧಿಸಿಲ್ಲ. ಮಕ್ಕಳಾಡುವ ಎಡೆಯಿಂದಲೂ ಮನೆಗಳ ಬಾಗಿಲಿನಿಂದಲೂ ದೂರವಾಗಿ, ಗೊತ್ತಾದ ಸ್ಥಳದಲ್ಲಿ ಹಾಕಬೇಕೆನ್ನುತ್ತವೆ. ನಾಲ್ಕು ಬೀದಿ ಕೂಡುವಲ್ಲಿ ಅನ್ನ ಸುರಿದು ಹೋಗುವವರು ಅಲ್ಲಿ ಹಿಂಡಿಗೊಂದು ಎಲ್ಲೆಯನ್ನು ಕಟ್ಟಿಕೊಟ್ಟಂತಾಗುತ್ತದೆ. ಗಾಂಧೀಜಿಯವರು 1926ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಈ ವಿಷಯವನ್ನು ವಾರವಾರವೂ ಚರ್ಚಿಸಿದರು. ಅಹಮದಾಬಾದಿನ ಗಿರಣಿ ಮಾಲಿಕರೊಬ್ಬರು ಹುಚ್ಚಿನ ಭಯದಿಂದ ಸುಮಾರು ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದುದು ಆ ಚರ್ಚೆಗೆ ಕಾರಣ. ಗಾಂಧೀಜಿಯವರು ಆ ಮಾಲಿಕರ ಪರವಾಗಿ ಮಾತನಾಡಿದುದಕ್ಕೆ ಅವರಿಗೆ ರೋಷದ ಪತ್ರಗಳು ಬಂದುವು. ಕೊಲ್ಲುವುದನ್ನು ಇಂದಿನ ನಿಯಮ ಒಪ್ಪುವುದಿಲ್ಲ, ನಾವೂ ಬಯಸುವುದಿಲ್ಲ. ಆದರೆ ಒಡೆಯನಿಲ್ಲದೆ ನಾಯಿ ಅಲೆಯುವುದು ಸಮಾಜದ ದೋಷವೆಂದೂ ತುತ್ತೆಸೆದು ಹೋಗುವುದು ದಯೆಯಲ್ಲವೆಂದೂ ಅವರು ಅಂದು ವಾದಿಸಿದುದು ಸುಮಾರು ನೂರು ವರ್ಷಗಳಾದರೂ ಹಳತಾಗಿಲ್ಲ. ದಯೆಯೆಂದರೆ ಹಿಡಿಸಿ ಚಿಕಿತ್ಸೆ ಮಾಡಿಸುವುದು, ಲಸಿಕೆ ಹಾಕಿಸುವುದು, ಸಾಧ್ಯವಾದವರು ಮನೆಗೆ ಒಯ್ದು ಸಾಕುವುದು.

ನಾವು ಕೇಳುವುದು ಅಸಾಧ್ಯವಾದುದೇನಲ್ಲ. ಪೌರಸಂಸ್ಥೆಯು ಕಸವನ್ನು ದಿನದಿನವೂ ಎತ್ತಿಸಿ, ಚಿಕಿತ್ಸೆಯನ್ನು ಬಡಾವಣೆ ಬಡಾವಣೆಗೆ ಮುಗಿಸಲಿ. ಮೇಲೆ ಬೀಳುವ ನಾಯಿಯ ದೂರು ಬಂದಾಗ ನ್ಯಾಯಾಲಯದ ಆಜ್ಞೆಯಂತೆ ಅದನ್ನು ಬೇರೆಯಿರಿಸಲಿ. ನಾಯಿ ಸಾಕಿದವರು ಗೇಟು ಮುಚ್ಚಲಿ, ಹಗ್ಗ ಹಿಡಿಯಲಿ. ಹಗ್ಗ ಹಿಡಿದವರು ಕಣ್ಣು ತೆರೆದು ನಡೆಯಲಿ, ನೆರೆಹೊರೆಯವರು ಕೂಗು ಕೇಳಿದಾಗ ಕಿಟಕಿಯಲ್ಲಿ ನಿಂತು ನೋಡದೆ ಒಂದು ಕೊಡ ನೀರನ್ನು ತರಲಿ. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದಿದೆ. ವೃದ್ಧರೊಬ್ಬರು ತಮ್ಮ ನಾಯಿಯೊಡನೆ ಬೀದಿಯ ಕೊನೆಯವರೆಗೆ ಹೋಗಿ ನಿರ್ಭಯವಾಗಿ ಹಿಂತಿರುಗಿ ಬರುವಷ್ಟು ಸುವ್ಯವಸ್ಥೆಯನ್ನು ನಮ್ಮ ಊರುಗಳಲ್ಲಿ ನಾವೇ ಏರ್ಪಡಿಸಿಕೊಳ್ಳಬೇಕು. ಅದನ್ನು ಹೊರಗಿನವರು ಬಂದು ಮಾಡಿಕೊಡುವುದಿಲ್ಲ.